ತೂತು ಮುಚ್ಚಳ

ಕುರಿಮಂದೆ ಅಡ್ಡ ಬಂತೆಂದು ಲಸ್ಸಾದ್ ಗಕ್ಕನೆ ಬ್ರೇಕ್ ತುಳಿದ. ಬಾಡಿಗೆ ವ್ಯಾನಿನಲ್ಲಿದ್ದವರೆಲ್ಲ ಒಬ್ಬರ ಮೇಲೊಬ್ಬರು ವಾಲಿ, ಬೈದು, ಮತ್ತೆ ನೆಟ್ಟಗೆ ಕೂತರು. ಸಿಹೆಮ್ ಮಾತ್ರ ತೊಡೆ ಮುಟ್ಟಿ ನೋಡಿಕೊಂಡಳು. ಒದ್ದೆ. ಚೀಲಕ್ಕೆ ಕೈಹಾಕಿ ಗಾಜಿನ ಸೀಸೆ ಹೊರಗೆ ತೆಗೆದಳು. ಒಳಗಿದ್ದ ದ್ರವವೆಲ್ಲ ಸೋರಿಹೋಗಿ, ತಳದಲ್ಲಿ ಗುಲಾಬಿ ಬಣ್ಣದ ಹರಳುಗಳು ಬರೀ ಪಸೆಗೆ ಅಂಟಿಕೊಂಡು ಕೂತಿದ್ದವು.

ಮುಚ್ಚಳದಲ್ಲಿ ಸೂಜಿ ಚುಚ್ಚಿದ ತೂತುಗಳು. ಚುಚ್ಚಿದವಳು ಅವಳೇ. ದ್ರವ ಆ ತೂತುಗಳಿಂದ ನಿಧಾನವಾಗಿ ಆರುತ್ತ ಹೋದರೇನೇ ಹರಳು ಕಟ್ಟುವುದು. ಕಟ್ಟಿದ ಮೇಲೆ ಗಟ್ಟಿ ಮುಚ್ಚಳ ಹಾಕಬೇಕು. ಬೆಳಿಗ್ಗೆ ಗಫ್ಸಾದಲ್ಲಿ ಹೊರಡುವ ಹೊತ್ತಿಗೆ ಜ್ವರದ ಮಗಳು ಕುತ್ತಿಗೆಗೆ ಜೋತುಬಿದ್ದು ಬಿಡದೆ, ಅದೊಂದು ಕೆಲಸ ಮರೆತೇಹೋಗಿತ್ತು.

"ಯಾರ ಹತ್ರನಾದ್ರೂ ಸ್ಪಿರಿಟ್ ಇದೆಯಾ? ಆಲ್ಕೋಹಾಲ್?" ಎಂದು ಕೂಗಿಯೇಬಿಟ್ಟಳು.

ವ್ಯಾನಿನಲ್ಲಿದ್ದ ತಲೆಗಳೆಲ್ಲ ಅವಳ ಕಡೆ ತಿರುಗಿದವು.

"ರಂಜಾನ್ ತಿಂಗಳು, ಹಾಡುಹಗಲು, ಅದೂ ನನ್ನ ಗಾಡೀಲಿ!" ಲಸ್ಸಾದ್ ಕನ್ನಡಿಯಲ್ಲೇ ಅವಳನ್ನು ನೋಡಿದ. "ಅಕ್ಕಾ, ಸಾಯಂಕಾಲದ ತನಕ ತಡ್ಕೊಳ್ಳೋಕಾಗಲ್ವಾ?"

"ಕುಡಿಯೋದು ನಾನಲ್ಲಪ್ಪಾ, ಇವು!" ಅವಳು ಸೀಸೆ ಎತ್ತಿ ತೋರಿಸಿದಳು.

ಪಕ್ಕದಲ್ಲಿದ್ದ ಮುದುಕಿ ಮಬ್ರೂಕಾ ಕಣ್ಣು ಕಿರಿದು ಮಾಡಿದಳು. "ಏನೇ ಹುಡುಗಿ ಇದು, ದಾಳಿಂಬೆ ಕಾಳಾ?"

"ಕೋಬಾಲ್ಟ್ ಲೋಹದ ಹರಳು, ಖಾಲ್ತಿ," ಎಂದಳು ಸಿಹೆಮ್, ಚಿಕ್ಕಮ್ಮನನ್ನು ಕರೆಯುವ ಹಾಗೆ. "ಒಂದೊಂದು ಹರಳೂ ಒಳಗೆ ಜೇನುಗೂಡಿನ ಥರ, ತುಂಬ ತೂತು. ಗೂಡಿನ ಮೂಲೆಮೂಲೇಲಿ ಒಂದೊಂದು ಪುಟಾಣಿ ಆಯಸ್ಕಾಂತ. ತೂತಲ್ಲಿ ದ್ರವ ಇದ್ರೆ ಗೂಡು ನಿಲ್ಲುತ್ತೆ, ಒಣಗಿದ್ರೆ ಕುಸಿದು ಪುಡಿ." ಸಿಹೆಮ್ ಸೀಸೆ ಓರೆ ಮಾಡಿ, ಉಳಿದ ಪಸೆಯನ್ನು ಹರಳುಗಳ ಕಡೆಗೆ ಹರಿಸಿದಳು. "ಚಳಿಗಾಲ ಪೂರ್ತಿ ಒದ್ದಾಡಿದ್ಮೇಲೆ ಇದೊಂದು ಸೀಸೇಲಿ ಬೆಳೆದಿವೆ. ಟ್ಯೂನಿಸ್‌ನಲ್ಲಿ ಎಕ್ಸ್‌ರೇ ಯಂತ್ರದ ಮುಂದೆ ಇವತ್ತು ನನ್ನ ಸರದಿ. ತಪ್ಪಿದ್ರೆ, ಮುಂದಿನ ಸರದಿ ಬರೋದ್ರೊಳಗೆ ನನ್ನ ಪಿಎಚ್‌ಡಿ ಗಡುವೇ ಮುಗಿದಿರುತ್ತೆ."

"ಕಿತ್ತಳೆ ಹೂವಿನ ನೀರಿದೆ, ತಗೋ."

"ಬರೀ ನೀರಾದ್ರೆ ಕರಗಿಹೋಗುತ್ತೆ ಖಾಲ್ತಿ. ಸ್ಪಿರಿಟ್ಟೂ ಬೆರೆತಿರ್ಬೇಕು."

"ಔಷಧಿ ಅಂಗಡಿ ಅಂದ್ರೆ ಇನ್ನು ಕೈರುವಾನ್‌ನಲ್ಲೇ, ಆ ಊರು ಇನ್ನೂ ದೂರ," ಎಂದ ಲಸ್ಸಾದ್. ಅವನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. ಆಕ್ಸಿಲರೇಟರ್ ಒತ್ತಿದ. ರಸ್ತೆಯ ಎರಡೂ ಬದಿ ಪಾಪಾಸುಕಳ್ಳಿ ಬಿಟ್ಟರೆ ಏನೂ ಇಲ್ಲ, ಬಿಸಿಲು ಗಾಜು ದಾಟಿ ಮಡಿಲಿಗೇ ಬೀಳುತ್ತಿತ್ತು. ಸಿಹೆಮ್ ನೋಡುತ್ತಿದ್ದಂತೆಯೇ ಒಂದು ಹರಳಿನ ಅಂಚು ಗುಲಾಬಿ ಬಿಟ್ಟು ನೇರಳೆಗೆ ತಿರುಗಿತು.

ಹಿಂದಿನ ಸೀಟಿನಲ್ಲಿ ಹಾಜ್ ತಿಜಾನಿ ಕೂತಿದ್ದರು. ಮಬ್ರೂಕಾಳ ಬೀದಿಯವರೇ, ಬಿಳಿ ಟೋಪಿ. ಇಮಾಮರು ಊರಲ್ಲಿಲ್ಲದಾಗ ನಮಾಜಿಗೆ ಮುಂದೆ ನಿಲ್ಲುವವರು. ಹೊರಟ ಗಳಿಗೆಯಿಂದ ಲಸ್ಸಾದ್‌ನ ಹಾಡು ನಿಲ್ಲಿಸಿ, ಉಪವಾಸ ಅಂದರೆ ನಾಲಿಗೆಯದ್ದಷ್ಟೇ ಅಲ್ಲ, ಕಿವಿಯದ್ದೂ ಹೌದು ಎಂದು ಬುದ್ಧಿ ಹೇಳುತ್ತ ಬಂದಿದ್ದರು. ಈಗ ಅವರ ಚೀಲದ ಜಿಪ್ ಸರ್ರೆಂದಿತು. ಮಡಿಸಿಟ್ಟ ಬಟ್ಟೆಗಳ ನಡುವಿನಿಂದ ಒಂದು ಚಪ್ಪಟೆ ಬಾಟಲಿ ಹೊರಬಂತು. ಬಿರಡೆ ತೆಗೆದದ್ದೇ ತಡ, ವ್ಯಾನಿನ ತುಂಬ ಅಂಜೂರದ ಘಾಟು. ಅಂಜೂರದಿಂದ ಇಳಿಸುವ ಬುಖಾ ಸಾರಾಯಿಯ ವಾಸನೆ ಯಾವುದೆಂದು ಅಲ್ಲಿದ್ದ ಯಾರಿಗೂ ಯಾರೂ ಹೇಳಿಕೊಡಬೇಕಿರಲಿಲ್ಲ.

"ತಗೋ ಮಗಳೇ. ಬೇಗ ಸುರಿ," ಎಂದರು.

ಸಿಹೆಮ್ ಸುರಿದಳು. ಹರಳುಗಳು ಮುಳುಗಿದವು. ಅವಳು ಉಸಿರು ಹಿಡಿದು ನೋಡುತ್ತಿದ್ದಳು. ನೇರಳೆ ಅಂಚಿನಿಂದ ಮುಂದಕ್ಕೆ ಹೋಗಲಿಲ್ಲ, ಅಲ್ಲೇ ನಿಂತಿತು.

ಲಸ್ಸಾದ್ ಬಾಯಿ ತೆರೆದ. "ಹಾಜೀ, ಇದು..."

"ನಂದು ಕಣೋ ಅದು!" ಮಬ್ರೂಕಾ ಗದರಿದಳು. "ಮಂಡಿಗೆ ತಿಕ್ಕೋಳೋಕೆ. ನನ್ನ ಚೀಲದಲ್ಲಿ ಜಾಗ ಇರ್ಲಿಲ್ಲ, ಸ್ವಲ್ಪ ಇಟ್ಕೊಂಡಿರಿ ಅಂತ ಕೊಟ್ಟಿದ್ದೆ. ನೀನು ರಸ್ತೆ ನೋಡು."

ಅವಳ ಚೀಲ ಮಡಿಲಲ್ಲಿ ಅರ್ಧಕ್ಕರ್ಧ ಖಾಲಿಯಾಗಿ ಸೊರಗಿ ಬಿದ್ದಿತ್ತು. ಲಸ್ಸಾದ್ ಕನ್ನಡಿಯಲ್ಲಿ ಅದನ್ನು ನೋಡಿದ, ಅವಳ ಮುಖ ನೋಡಿದ.

"ಹೌದೌದು. ನಮ್ಮಮ್ಮನೂ ಇದನ್ನೇ ತಿಕ್ಕೋದು," ಎಂದ. ಹಿಂದಿನಿಂದ ಇನ್ನಿಬ್ಬರು, ಮಂಡಿನೋವಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ ಎಂದರು. ಹಾಜ್ ತಿಜಾನಿ ಕಿಟಕಿಯಾಚೆ ನೋಡುತ್ತ ಕೂತರು. ಟ್ಯೂನಿಸ್ ಬರುವ ತನಕ ಸಿಹೆಮ್ ಮುಚ್ಚಳದ ತೂತುಗಳ ಮೇಲಿಂದ ಹೆಬ್ಬೆರಳು ತೆಗೆಯಲಿಲ್ಲ.

ನಿಲ್ದಾಣದಲ್ಲಿ ಇಳಿದು ಅವಳು ಮುದುಕಿಯ ತಲೆಗೆ ಮುತ್ತಿಟ್ಟಳು. "ನಿಮ್ಮ ಬಾಟಲಿ ನನ್ನನ್ನ ಉಳಿಸ್ತು ಖಾಲ್ತಿ. ಸಾಯೋ ತನಕ ಮರೆಯಲ್ಲ," ಎಂದಳು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. ಹೇಳುವಾಗ ಅವಳ ಕಣ್ಣು ಮುದುಕಿಯ ಹೆಗಲಾಚೆ ಬಿಳಿ ಟೋಪಿಯ ಮೇಲಿತ್ತು.

ಹಾಜಿ ತಲೆ ತಗ್ಗಿಸಿದರು. ಜನ ಚದುರಿದ ಮೇಲೆ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು: "ಮಗಳೇ, ಆ ನಿನ್ನ ಯಂತ್ರಕ್ಕೆ ಹರಳಿನ ಹೊಟ್ಟೇಲಿರೋದೆಲ್ಲ ಕಾಣುತ್ತಾ?"

"ಎಲ್ಲಾ ಕಾಣುತ್ತೆ ಹಾಜಿ. ಯಾರು ಕೊಟ್ಟದ್ದು ಅನ್ನೋದೊಂದು ಬಿಟ್ಟು."

ಅವರು ಖಾಲಿ ಬಾಟಲಿಯನ್ನು ಬಟ್ಟೆಯೊಳಗೆ ಸುತ್ತಿಕೊಂಡರು.

"ಮೇಲಿರೋನಿಗೆ ಬಾಟಲಿ ಕಂಡೇ ಇರುತ್ತೆ," ಎಂದರು. "ಕೊಟ್ಟದ್ದೂ ಕಂಡಿದ್ರೆ ಸಾಕು."