ಕೋಲಿಲ್ಲದ ಟೆಂಟು

ಟೆಂಟಿನ ಬಟ್ಟೆ ಬಂದಿತ್ತು, ಕೋಲುಗಳು ಬಂದಿರಲಿಲ್ಲ. ಬೆಟ್ಟದ ನೆತ್ತಿಯ ಬಯಲಿನಲ್ಲಿ ಬೆನ್ನಚೀಲವನ್ನೆಲ್ಲ ಸುರುವಿ ಹುಡುಕಿದ ಅತ್ತಿಗೆ, ಕಡೆಗೆ ಸೊಂಟದ ಮೇಲೆ ಕೈಯಿಟ್ಟು, ಅವು ಮನೆಯಲ್ಲಿ ಬಾಗಿಲ ಹಿಂದೆಯೇ ನಿಂತಿರಬೇಕೆಂದು ಒಪ್ಪಿಕೊಂಡಳು. ನಾದಿನಿ ಪುಟ್ಟಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಒಂದು ತಿಂಗಳಿಂದ ಅತ್ತಿಗೆಯ ಮೇಲೆ ಮುಖ ಊದಿಸಿಕೊಂಡಿದ್ದವಳಿಗೆ ಕೊನೆಗೂ ಒಂದು ನ್ಯಾಯವಾದ ಕಾರಣ ಸಿಕ್ಕಿತ್ತು. ಆದರೆ ಆ ಸಂತೋಷ ಹೆಚ್ಚು ಹೊತ್ತು ಬಾಳಲಿಲ್ಲ. ಮಧ್ಯಾಹ್ನ ಹಳ್ಳ ದಾಟುವಾಗ ತಾನೇ ಜಾರಿ ಬಿದ್ದಿದ್ದಳಲ್ಲ, ಅವಳ ಸ್ಲೀಪಿಂಗ್ ಬ್ಯಾಗು ಹಿಂಡಿದರೆ ನೀರು ಸುರಿಯುತ್ತಿತ್ತು.

ಮುಖ ಊದಿದ್ದಕ್ಕೆ ಮೂಲ ಕಾರಣ ಬೇರೆಯೇ ಇತ್ತು. ಅಣ್ಣ-ಅತ್ತಿಗೆ ಮುಂದಿನ ತಿಂಗಳು ಬೇರೆ ಮನೆ ಮಾಡುವವರಿದ್ದರು. ಅತ್ತಿಗೆ ಕಲಿಸುವ ಡ್ರೈವಿಂಗ್ ಸ್ಕೂಲು ಊರಿನ ಆ ತುದಿಗಿತ್ತು. ಊರಿಗೆಲ್ಲ ಕಾರು ಕಲಿಸುವವಳು ದಿನಾ ಎರಡೆರಡು ಬಸ್ಸಿನಲ್ಲಿ ಜೋತಾಡಿ ಸಾಕಾಗಿದೆ ಎಂದಿದ್ದಳು. ಪುಟ್ಟಿ ತಕರಾರು ಮಾಡಲಿಲ್ಲ, ಮಾತು ಬಿಟ್ಟಳು. ಈ ಚಾರಣ ಅದಕ್ಕೂ ಮೊದಲೇ ನಿಗದಿಯಾಗಿದ್ದು. ಹೋಗಿ ಜಗಳವನ್ನಾದರೂ ಆಡಿಕೊಂಡು ಬನ್ನಿ ಎಂದು ಅಣ್ಣನೇ ಇಬ್ಬರನ್ನೂ ಬಸ್ಸು ಹತ್ತಿಸಿದ್ದ.

ಕತ್ತಲಾಗುತ್ತಲೇ ಚಳಿ ಏರಿತು. ಟೆಂಟಿನ ಬಟ್ಟೆಯನ್ನು ನೆಲಕ್ಕೆ ಹಾಸಿ, ಒದ್ದೆಯಾಗದೆ ಉಳಿದಿದ್ದ ಒಂದೇ ಬ್ಯಾಗಿನ ಜಿಪ್ಪು ಬಿಚ್ಚಿ ಇಬ್ಬರೂ ಹೊದ್ದುಕೊಂಡರು. ಪುಟ್ಟಿ ಆ ಕಡೆ ತಿರುಗಿ ಮಲಗಿದಳು. ಹೊದಿಕೆ ಸಾಲದೆ ಬೆನ್ನಿಗೆ ಬೆನ್ನು ತಾಗಿಸಲೇಬೇಕಾಯಿತು. ಕತ್ತಲಲ್ಲಿ ಮುಖ ಊದಿಸಿಕೊಂಡಿರುವುದು ದಂಡದ ಕೆಲಸ, ನೋಡುವವರೇ ಇರುವುದಿಲ್ಲ. ಸ್ವಲ್ಪ ಹೊತ್ತಿಗೆ ಅಂಗಾತವಾದಳು. ಅಷ್ಟೊಂದು ನಕ್ಷತ್ರಗಳನ್ನು ಅವಳು ಎಂದೂ ಕಂಡಿರಲಿಲ್ಲ. ಯಾರೋ ಹಿಟ್ಟಿನ ಡಬ್ಬ ಬೀಳಿಸಿ, ಗುಡಿಸದೆ ಎದ್ದು ಹೋದಂತಿತ್ತು.

ತನಗೆ ಮಾತ್ರ ಒಂದೂ ಕಾಣುತ್ತಿಲ್ಲ, ಎಲ್ಲ ಮಂಜು ಮಂಜು ಎಂದು ಪಕ್ಕದಿಂದ ಅತ್ತಿಗೆ ದೂರಿದಳು. ಕನ್ನಡಕ ತೆಗೆದು ಶೂ ಒಳಗೆ ಇಟ್ಟಿದ್ದಳು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಪುಟ್ಟಿಗೆ ಅದನ್ನು ಕೇಳಿ ಸುಮ್ಮನಿರಲಾಗಲಿಲ್ಲ. ತಡಕಾಡಿ ತೆಗೆದು, ಗಾಜನ್ನು ಅಂಗಿಯ ಚುಂಗಿನಲ್ಲಿ ಒರೆಸಿ, ಸಡಿಲವಾಗಿದ್ದ ಕಡ್ಡಿಗಳನ್ನು ಬೆರಳಿನಲ್ಲೇ ಬಗ್ಗಿಸಿ ಸರಿಮಾಡಿ, ಅತ್ತಿಗೆಯ ಮೂಗಿನ ಮೇಲೆ ಕೂರಿಸಿದಳು.

ಅತ್ತಿಗೆ ಬಾಯಿ ಬಿಟ್ಟುಕೊಂಡು ಮೇಲೆ ನೋಡಿದಳು. ಆಮೇಲೆ ಮೆಲ್ಲಗೆ, "ಟೆಂಟ್ ಇದ್ದಿದ್ರೆ ಇದೆಲ್ಲಿ ಕಾಣ್ತಿತ್ತು ಹೇಳು" ಎಂದಳು.

"ಕೋಲು ಮರೆತಿದ್ದಕ್ಕೆ ನಿಮಗೊಂದು ಬಹುಮಾನ ಕೊಡ್ಬೇಕೇನೋ."

"ಕೊಡು. ಹೊದಿಕೆ ಒಂದು ಗೇಣು ಈ ಕಡೆ ಬಿಡು, ಸಾಕು."

ಪುಟ್ಟಿ ನಕ್ಕಳು. ನಗುತ್ತಲೇ, ಇಬ್ಬನಿ ಬೀಳುತ್ತಿದೆ ಎನ್ನುತ್ತ ಕಣ್ಣೊರೆಸಿಕೊಂಡಳು. ಪಕ್ಕದಲ್ಲೇ ಮಲಗಿದವಳನ್ನು ಬಿಟ್ಟು ಒಬ್ಬಳ ಮೇಲೇ ಬೀಳುವ ಇಬ್ಬನಿ ಅದೆಂಥದು ಎಂದು ಅತ್ತಿಗೆ ಕೇಳಿದಳು, ಆದರೆ ತಿರುಗಿ ನೋಡಲಿಲ್ಲ. ಯಾರೂ ಮುಖ ನೋಡದಿದ್ದುದರಿಂದಲೇ ಇರಬೇಕು, ತಿಂಗಳಿಂದ ಕಟ್ಟಿಟ್ಟಿದ್ದ ಮಾತು ಆಕಾಶಕ್ಕೆ ಹೇಳಿದಂತೆ ಹೊರಬಂತು.

"ನೀವು ಹೋದ್ಮೇಲೆ ನಾನು ಯಾರ ಮೇಲೆ ರೇಗ್ಲಿ ಅತ್ತಿಗೆ? ಅಮ್ಮನ ಮೇಲೆ ರೇಗಿದ್ರೆ ಅಳೋಕೇ ಶುರು ಮಾಡ್ತಾಳೆ. ನೀವಾದ್ರೆ ತಿರುಗಿ ಬೈತೀರ."

ಅತ್ತಿಗೆ ಹೊದಿಕೆಯೊಳಗೆ ಪುಟ್ಟಿಯ ತಣ್ಣಗಿನ ಪಾದಗಳನ್ನು ತನ್ನ ಪಾದಗಳ ನಡುವೆ ಎಳೆದುಕೊಂಡಳು.

"ಹೊಸ ಮನೆಗೆ ಎರಡೇ ಬೀಗದ ಕೈ ಕೊಟ್ಟಿದಾರೆ" ಎಂದಳು. "ಒಂದು ನಿಮ್ಮಣ್ಣನಿಗೆ, ಒಂದು ನಿನಗೆ."

"ಮತ್ತೆ ನಿಮಗೆ?"

"ನಾನು ಕೆಲಸ ಮುಗಿಸಿ ಬಂದು ಬೆಲ್ ಒತ್ತುತೀನಿ. ನೀನು ಗೊಣಗ್ಕೊಂಡು ಬಂದು ಬಾಗಿಲು ತೆಗಿ."