ಎಡಗೈಯ ಕತ್ತಿ

ನಾಗವೇಣಿ ಟೀ ತರಲು ಹೋಗಿದ್ದಾಗ ಉಳಿದ ಮೂವರು ಸೇರಿ ಅವಳ ಯೋಧೆಯನ್ನು ಕೊಂದರು.

ದಾಳ ಹಾಕಿ, ಕಾಲ್ಪನಿಕ ರಾಜ್ಯವೊಂದರಲ್ಲಿ ಯುದ್ಧ ಮಾಡುವ ಆಟ ಅದು. ಮುಂದಿನ ಭಾನುವಾರ ಅವಳು ಆಟಕ್ಕೆ ಹೊಸ ಯೋಧೆಯ ಪಾತ್ರವನ್ನು ರೂಪಿಸಿಕೊಂಡು ಬಂದಳು. ಬಲಗೈಗೊಂದು ಕತ್ತಿ, ಎಡಗೈಗೂ ಒಂದು ಕತ್ತಿ.

ಆಟ ನಡೆಸುವ ಶ್ರೀವತ್ಸನಿಗೆ ಅನುಮಾನ ಬಂತು. "ಗುರಾಣಿ ಎಲ್ಲಮ್ಮಾ?"

"ಬೇಡ."

"ಒಂದೇ ಏಟಿಗೆ ಸಾಯ್ತೀಯ. ಒಂದು ಕತ್ತಿ ಬಿಡು, ಗುರಾಣಿ ತಗೋ."

"ಬಿಡಲ್ಲ."

"ಬಲಗೈ ಕತ್ತಿ ರಾಕ್ಷಸರಿಗೆ, ಸರಿ. ಎಡಗೈಲಿರೋದು ಯಾರಿಗೆ?"

"ಹೋದ ವಾರದ ಸೇಡು ಕಣೋ, ನಮಗೇ ಅದು," ಎಂದು ಪಕ್ಕದಲ್ಲಿದ್ದ ಮಂಜಪ್ಪ ಕುರ್ಚಿಯನ್ನು ಅವಳಿಂದ ಸ್ವಲ್ಪ ದೂರ ಎಳೆದುಕೊಂಡ.

"ಆಟ ಶುರುವಾಗ್ಲಿ, ಗೊತ್ತಾಗುತ್ತೆ," ಎಂದಳು.

ಆಟ ಶುರುವಾಯಿತು. ಕೋಟೆಯ ಬಾಗಿಲು ತೆರೆಯಿತು. ಅವಳು ಯಾರ ಮೇಲೂ ಕತ್ತಿ ಎತ್ತಲಿಲ್ಲ. ಆದರೂ ಮೂವರ ಕಣ್ಣೂ ಆ ಎಡಗೈ ಕತ್ತಿಯ ಮೇಲೆಯೇ. ಕೊನೆಗೆ ಶ್ರೀವತ್ಸ ಖಾಲಿ ಫ್ಲಾಸ್ಕನ್ನು ಎಂದಿನಂತೆ ಅವಳ ಕಡೆ ತಳ್ಳಿದ.

"ಟೀ ತಗೊಂಬಾ, ವೇಣಿ. ನಿನ್ನ ಸರದಿ ಬರೋದು ಇನ್ನೂ ತಡ."

"ಆಗಲ್ಲ. ಎರಡು ಕೈಯೂ ಖಾಲಿ ಇಲ್ಲ."