ಚಿಕ್ಕಪ್ಪ ಬಿದ್ದ ಮಧ್ಯಾಹ್ನ

ನೋವಿನ ಎಣ್ಣೆಯ ಘಾಟು ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಮೇಟಗಳ್ಳಿಯ ಆ ಭಾನುವಾರ ನೆನಪಾಗುತ್ತದೆ.

ಚಿಕ್ಕಪ್ಪ ಅಲ್ಲಿನ ಕಾರ್ಖಾನೆಯೊಂದರಲ್ಲಿ ಹಂಗಾಮಿ ಕೆಲಸಗಾರ. ಸಣಕಲು ಮೈ, ಆದರೆ ಬಾಕ್ಸಿಂಗ್ ಹುಚ್ಚು. ಕಾರ್ಖಾನೆಯ ವಾರ್ಷಿಕೋತ್ಸವಕ್ಕೆ ಅವನು, ತೂಕ ನೋಡದ ಪಂದ್ಯದಲ್ಲಿ, ಅಲ್ಲಿನ ಹೆವಿವೇಟ್ ಚಾಂಪಿಯನ್ ಎದುರು ಆಡುವುದಿತ್ತು. ಈ ಚಾಂಪಿಯನ್, ಕಾರ್ಖಾನೆಯ ಮ್ಯಾನೇಜರರ ತಮ್ಮ. ಅವನನ್ನು ಅದುವರೆಗೆ ಯಾರೂ ಸೋಲಿಸಿರಲಿಲ್ಲ.

"ಅಷ್ಟು ದೊಡ್ಡೋನ್ನ ಹೆಂಗೆ ಸೋಲಿಸ್ತೀಯ?" ಎಂದು ಕೇಳಿದೆ.

ಚಿಕ್ಕಪ್ಪ ತೋಳಿಗೆ ಎಣ್ಣೆ ತಿಕ್ಕುತ್ತಾ, "ಅವನ ಕೈ ಬರೋಷ್ಟರಲ್ಲಿ ನಾನು ಅಲ್ಲಿರಲ್ಲ ಕಣೇ ಪುಟ್ಟಿ. ಬೀಸಿ ಬೀಸಿ ಅವನೇ ಸುಸ್ತಾಗ್ತಾನೆ, ನೋಡ್ತಿರು" ಎಂದ.

ಹಾಗೇ ಆಯಿತು. ಎರಡು ಸುತ್ತು ಮುಗಿಯುವಷ್ಟರಲ್ಲಿ ಚಾಂಪಿಯನ್ ಬಾಯಿ ತೆರೆದು ಏದುಸಿರು ಬಿಡುತ್ತಿದ್ದ. ನಾನು ಹಗ್ಗದ ಪಕ್ಕದಲ್ಲೇ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಮೂರನೇ ಸುತ್ತಿನಲ್ಲಿ ಅವನ ಕೈ ಚಿಕ್ಕಪ್ಪನ ಭುಜಕ್ಕೆ ಸುಮ್ಮನೆ ತಾಗಿತು, ಅಷ್ಟೇ. ಚಿಕ್ಕಪ್ಪ ದೊಪ್ಪನೆ ಬಿದ್ದ. ರೆಫರಿ ಹತ್ತು ಎಣಿಸುವವರೆಗೂ ಏಳಲಿಲ್ಲ. ಅವನ ಕಣ್ಣು ತೆರೆದೇ ಇತ್ತು. ನನ್ನನ್ನು ನೋಡಿದ ಮೇಲೆ ಮುಚ್ಚಿಕೊಂಡ.

ಸೈಕಲ್‌ನಲ್ಲಿ ಮನೆಗೆ ಬರುವಾಗ, "ಬೇಕೂಂತಲೇ ಬಿದ್ದೆ ಅಲ್ವಾ?" ಎಂದೆ.

"ಸಣ್ಣೋರು ದೊಡ್ಡೋರ್ನ ಸೋಲಿಸಕ್ಕಾಗಲ್ಲ ಕಣಮ್ಮ, ಬುಡು."

ಮುಂದಿನ ತಿಂಗಳು ಅವನ ಕೆಲಸ ಕಾಯಂ ಆಯಿತು. "ದೇವರು ಕಣ್ಣು ಬಿಟ್ಟ" ಎನ್ನುತ್ತಾ ಅಜ್ಜಿ ಬೀದಿಗೆಲ್ಲ ಮೈಸೂರು ಪಾಕು ಹಂಚಿದರು. ಚಿಕ್ಕಪ್ಪ ನನಗೆಂದೇ ದೊಡ್ಡ ತುಂಡೊಂದನ್ನು ಎತ್ತಿಟ್ಟಿದ್ದ. ನಾನು ಅದನ್ನು ಇಸಿದುಕೊಂಡು, ಅವನು ನೋಡುತ್ತಿರುವಂತೆಯೇ ಬೀದಿ ನಾಯಿಗೆ ಹಾಕಿದೆ.

ಅವನು ಬೈಯಲಿಲ್ಲ.